ವಾರಗಿತ್ತಿಯ ಸಮುದ್ರ

ನನ್ನ ವಾರಗಿತ್ತಿ ಪ್ರತಿ ವರ್ಷ ಸಮುದ್ರ ನೋಡಿ ಬರುತ್ತಿದ್ದಳು. ನಾನು ಪ್ರತಿ ವರ್ಷ ಅವಳು ನೋಡಿ ಬಂದದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು, ಎಂಟು ವರ್ಷವೂ ನನಗೆ ಹೊಟ್ಟೆ ಉರಿಯಿತು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟುಕೊಂಡು ನನಗೆ ಆಗಬೇಕಾದ್ದೇನೂ ಇಲ್ಲ.

ನಮ್ಮದು ಬಂಗಾರಪೇಟೆಯಿಂದ ನಾಲ್ಕು ಮೈಲಿ ಆಚೆಯ ಹಳ್ಳಿ. ನಾನು ಆ ಮನೆಯ ಹಿರಿಯ ಸೊಸೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು. ಅವಳ ತಂದೆ ಕೆಜಿಎಫ್‌ನ ನಂದಿದುರ್ಗದಲ್ಲಿ ಗಣಿಯ ಒಳಗೆ ಇಳಿದು ಕೆಲಸ ಮಾಡುವವರು. ಅಲ್ಲೇ ಗಣಿ ಕಂಪನಿ ಕೊಟ್ಟ ಲೈನಿನ ಮನೆಯಲ್ಲಿ ವಾಸ. ವರ್ಷವೆಲ್ಲ ನೆಲದ ಕೆಳಗೆ ಇರುವ ಮನುಷ್ಯನಿಗೆ ರಜೆ ಬಂದರೆ ಬಯಲು ಬೇಕು, ಅದೂ ಕಣ್ಣು ಹಾಯುವಷ್ಟು ದೂರದ ಬಯಲು ಬೇಕು. ಮೇ ತಿಂಗಳಲ್ಲಿ ರಜೆ ಸಿಕ್ಕ ಕೂಡಲೇ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮದ್ರಾಸಿನ ರೈಲು ಹತ್ತುತ್ತಿದ್ದರು. ಮದುವೆಯಾದ ಮಗಳನ್ನೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಮನೆಗೆ ಬಂದು, ನಮ್ಮತ್ತೆಯ ಮುಂದೆ ಕೈಕಟ್ಟಿ ನಿಂತು, ನಾಲ್ಕು ದಿನ ಮಗಳನ್ನು ಕಳಿಸಿಕೊಡಿ ಎಂದು ಕೇಳುತ್ತಿದ್ದರು. ಅತ್ತೆ ಒಂದು ಸಲವೂ ಇಲ್ಲ ಎನ್ನಲಿಲ್ಲ. ನಾನು ಮೂರು ಮೈಲಿ ದೂರದ ತವರಿಗೆ ಹೋಗಿ ಬರುತ್ತೇನೆಂದರೆ ಮುಖ ಸಣ್ಣ ಮಾಡುತ್ತಿದ್ದವರು ಇದೇ ಅತ್ತೆ.

ನಾಲ್ಕು ದಿನ ಕಳೆದು ಅವಳು ವಾಪಸ್ಸು ಬರುತ್ತಿದ್ದಳು. ಮೂಗು ಕಪ್ಪಾಗಿರುತ್ತಿತ್ತು, ಸೀರೆಯ ಮಡಿಕೆ ಬಿಚ್ಚಿದರೆ ಮರಳು ಉದುರುತ್ತಿತ್ತು. ಆ ಮರಳು ಗುಡಿಸುವವಳು ನಾನು. ಸಂಜೆ ಜಗಲಿಯ ಮೇಲೆ ಕೂತು ಶುರು ಮಾಡುತ್ತಿದ್ದಳು. ಮರೀನಾದಲ್ಲಿ ಕಾಗದದ ಪೊಟ್ಟಣದಲ್ಲಿ ಮಾವಿನಕಾಯಿ ಚೂರು ಹಾಕಿ ಕೊಡುವ ಬೇಯಿಸಿದ ಬಟಾಣಿಯ ಸುಂಡಲ್, ಬಲೂನು ಹೊಡೆಯುವ ಬಂದೂಕು, ದಂಡೆಯ ಪಾರ್ಕಿನಲ್ಲಿ ದೊಡ್ಡವರೂ ನಾಚಿಕೆಯಿಲ್ಲದೆ ಆಡುವ ಉಯ್ಯಾಲೆ. ಅದಕ್ಕಿಂತ ಮುಂದೆ, ಮಹಾಬಲಿಪುರದ ದಾರಿಯಲ್ಲಿ, ಸಮುದ್ರದ ನೀರು ಒಳಗೆ ನುಗ್ಗಿ ನಿಂತ ಕಡೆ ಒಂದು ದೋಣಿ ಹತ್ತುವ ಕಟ್ಟೆ ಇದೆಯಂತೆ. ಹೊಟ್ಟೆಗೆ ಕಿತ್ತಳೆ ಬಣ್ಣದ ಅಂಗಿ ಕಟ್ಟುತ್ತಾರಂತೆ, ಮುಳುಗಬಾರದೆಂದು.

"ಅಕ್ಕಾ, ದಂಡೇಲಿ ನಿಂತ್ಕಂಡ್ರೆ ನೀರು ಬಂದು ವಾಪಸ್ ಓಗ್ತದಲ್ಲ, ಆಗ ಕಾಲ್ ಕೆಳಗಿನ ಮರಳೆಲ್ಲ ಎಳ್ಕಂಡು ಓಗ್ತದೆ. ನಾವು ನಿಂತ ಕಡೆನೇ ನಿಂತಿರ್ತೀವಿ, ಆದ್ರೆ ಯಾರೋ ಇಂದಿಂದ ಎಳ್ದಂಗಾಗ್ತದೆ" ಎಂದು ಅವಳು ನನ್ನ ಕಡೆ ತಿರುಗಿ ಹೇಳುತ್ತಿದ್ದಳು.

"ಉಪ್ಪು ನೀರು ತಾನೆ. ನಮ್ಮ ಅಸೂನೂ ಮೂಸಲ್ಲ" ಎಂದು ನಾನು ಬೀಸುವ ಕಲ್ಲಿನ ಮುಂದಿನಿಂದಲೇ ಹೇಳುತ್ತಿದ್ದೆ.

"ಸುಮ್ಕಿರಮ್ಮಣ್ಣಿ, ಏಳ್ಲಿ. ಇನ್ನೇನಾಯ್ತೇ, ಏಳು" ಎಂದು ಅತ್ತೆ ಅವಳ ಕಡೆ ಇನ್ನಷ್ಟು ಜರುಗಿ ಕೂರುತ್ತಿದ್ದರು. ನಾನು ಕಲ್ಲನ್ನು ಜೋರಾಗಿ ತಿರುಗಿಸುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ರಾಗಿ ಹಿಟ್ಟು ಬಹಳ ನುಣ್ಣಗಿರುತ್ತಿತ್ತು.

ಹಸು ಎಂದೆನಲ್ಲ, ಅದೇ ನನ್ನ ಕಾಲಿಗೆ ಬಿದ್ದ ಹಗ್ಗ. ಕಪ್ಪು ಬಿಳುಪಿನ ಸೀಮೆ ಹಸು. ಬೆಳಿಗ್ಗೆ ಸಂಜೆ ಊರಿನ ಡೈರಿಗೆ ಹಾಲು ಹಾಕಿಯೇ ನಮ್ಮ ಮನೆ ನಡೆಯುತ್ತಿದ್ದುದು. ಆ ಹಸು ನನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಕೆಚ್ಚಲು ತೊಳೆದು ಕೂತರೆ ಬೇರೆಯವರಿಗೆ ಹಿಂಗಾಲು ಎತ್ತುತ್ತಿತ್ತು, ಹಾಲನ್ನು ಮೇಲಕ್ಕೆ ಎಳೆದುಕೊಂಡು ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಒಮ್ಮೆ ನಾನು ತಂಗಿಯ ಸೀಮಂತಕ್ಕೆಂದು ಎರಡು ದಿನ ಹೋದಾಗ ಅತ್ತೆ ಕೂತರು. ಬಕೆಟ್ಟು ಒಂದು ಕಡೆ, ಅತ್ತೆ ಒಂದು ಕಡೆ. ಕೆಚ್ಚಲು ಬಾತುಕೊಂಡು, ದನದ ಡಾಕ್ಟರು ಬಂದು ಸೂಜಿ ಚುಚ್ಚಬೇಕಾಯಿತು. ಅವತ್ತಿನಿಂದ ನನ್ನ ಓಡಾಟ ಕೊಟ್ಟಿಗೆಯಿಂದ ಡೈರಿಗೆ, ಡೈರಿಯಿಂದ ಕೊಟ್ಟಿಗೆಗೆ.

ಇದನ್ನು ಕಷ್ಟವೆಂದು ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ನನಗೆ ಅದು ಹೆಮ್ಮೆ. ಎಸ್ಸೆಸ್ಸೆಲ್ಸಿ ಓದಿದ್ದೆ ಎಂದು ಆ ಮನೆಯಲ್ಲಿ ಯಾರೂ ನನಗೆ ಮರ್ಯಾದೆ ಕೊಡಲಿಲ್ಲ. ಹಸು ನನ್ನನ್ನು ಬಿಟ್ಟರೆ ಬೇರೆಯವರಿಗೆ ಹಾಲು ಕೊಡುವುದಿಲ್ಲ ಎಂದು ಕೊಟ್ಟರು. ಆದ್ದರಿಂದ ಅದು ಹಾಗೇ ಇರಲಿ ಎಂದು ನಾನೇ ನೋಡಿಕೊಳ್ಳುತ್ತಿದ್ದೆ. ನಾನು ಕರೆಯುವಾಗ ಯಾರೂ ಕೊಟ್ಟಿಗೆಗೆ ಕಾಲಿಡಬಾರದು. ಒಂದು ದಿನ ವಾರಗಿತ್ತಿ ಹುಲ್ಲು ತಂದು ಹಾಕಿ, ಹಸುವಿನ ಗಂಗೆದೊಗಲು ನೀವುತ್ತ ನಿಂತಿದ್ದಳು. ಹಸು ಕತ್ತು ಚಾಚಿ ಅವಳ ಕೈಯಡಿ ಕಣ್ಣು ಮುಚ್ಚಿ ನಿಂತಿತ್ತು.

"ಮುಟ್ಬೇಡ, ಬೆಚ್ತದೆ" ಎಂದು ನಾನು ಅವಳನ್ನು ಗದರಿದೆ. ಬೆಚ್ಚಿದ್ದು ಹಸುವಲ್ಲ, ನಾನು.

ನನ್ನ ಗಂಡನಿಗೆ ನನ್ನ ಮುಖ ನೋಡಿ ಅರ್ಥವಾಗುತ್ತಿತ್ತು. ಒಂದು ವರ್ಷ, ವಾರಗಿತ್ತಿ ಮದ್ರಾಸಿಗೆ ಹೋದ ಮಾರನೆಯ ದಿನ, ಬೆಳಗಿನ ಹಾಲು ಹಾಕಿದ ಮೇಲೆ ಸೈಕಲ್ ಹೊರಗೆ ತೆಗೆದರು. "ಬಾ, ಬೇತಮಂಗಲದ ಕೆರೆ ತೋರಿಸ್ತೀನಿ. ಬಿಳಿ ದೊರೆಗಳ ಕಾಲ್ದಲ್ಲಿ ಅಲ್ಲೂ ದೋಣಿ ಬಿಡ್ತಿದ್ರಂತೆ. ಸಂಜೆ ಕರೆಯೋ ಒತ್ಗೆ ಬಂದ್ಬಿಡಾನ" ಎಂದರು. ನಾನು ಮದುವೆಯ ಸೀರೆ ಉಟ್ಟುಕೊಂಡು ಹಿಂದೆ ಕೂತೆ. ಬಿಸಿಲಿನಲ್ಲಿ ಅಷ್ಟು ದೂರ ತುಳಿದು ಅವರ ಅಂಗಿ ಬೆನ್ನಿಗೆ ಅಂಟಿತ್ತು. ಹೋಗಿ ನೋಡಿದರೆ ನೀರು ನಡುವಿಗೆ ಸರಿದು, ಸುತ್ತ ಬಿರುಕು ಬಿಟ್ಟ ಜೇಡಿ. ಅದರ ಮೇಲೆ ಎಮ್ಮೆಗಳು ಮಲಗಿದ್ದವು. ದೋಣಿ ಇರಲಿ, ದೋಣಿ ಕಟ್ಟುವ ಗೂಟವೂ ಇರಲಿಲ್ಲ.

"ಇದೂ ನೀರೇ ಅಲ್ವಾ" ಎಂದರು ಪಾಪ. ನಾನು ಏರಿಯ ಮೇಲೆ ನಿಂತು ಅತ್ತುಬಿಟ್ಟೆ. ಅವರ ಮೇಲೆ ಸಿಟ್ಟಿಗಲ್ಲ. ಆ ಹೊತ್ತಿಗೆ ಅವಳು ಮರಳಿನಲ್ಲಿ ಕಾಲಿಟ್ಟು ನಿಂತಿರುತ್ತಾಳೆ ಎಂಬುದು ನೆನಪಾಗಿ ಅಳು ಬಂತು.

ಒಂಬತ್ತನೆಯ ವರ್ಷ ಅವಳ ತಂದೆ ಎಂದಿನಂತೆ ಭಾನುವಾರ ಬಂದರು. ಅತ್ತೆ ಆಗಲಿ ಎಂದು ತಲೆಯಾಡಿಸುವುದರೊಳಗೆ ವಾರಗಿತ್ತಿ ಬಾಗಿಲ ಹಿಂದಿನಿಂದ ಮಾತು ಹಾಕಿದಳು. "ಅಪ್ಪಾ, ಈ ಸಲ ಅಕ್ಕನ್ನ ಕರ್ಕಂಡೋಗು. ನಾನು ಎಂಟು ಸಲ ನೋಡೀನಿ. ಅಕ್ಕ ಒಂದ್ಸಲಾನೂ ನೋಡಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಸಂತೋಷವಾಗಬೇಕಿತ್ತಲ್ಲವೇ? ಆಗಲಿಲ್ಲ. ಕೊಡುವುದಕ್ಕೂ ಇವಳ ಹತ್ತಿರವೇ ಇರಬೇಕು, ತೆಗೆದುಕೊಳ್ಳುವವಳು ನಾನಾಗಬೇಕು ಎಂದು ಮೈ ಉರಿಯಿತು. "ಅಸು ಯಾರು ಕರೀತಾರೆ?" ಎಂದು ಕೇಳಿದೆ. ಅಲ್ಲಿಗೆ ಮಾತು ಮುಗಿಯುತ್ತದೆಂದು ನನ್ನ ಎಣಿಕೆ.

"ನಾನು ಕರೀತೀನಿ" ಎಂದಳು ಅವಳು.

ದಾರಿ ತೋರಿಸಿದವರು ಅತ್ತೆ. "ನೀನು ಆಲು ಕರೆಯೋವಾಗ ಉಡೋ ಸೀರೆ ಇದ್ಯಲ್ಲ, ಅದನ್ನ ಒಗೀದೆ ಇವ್ಳಿಗೆ ಕೊಟ್ಟೋಗು. ಇವ್ಳು ಅದ್ನೇ ಉಟ್ಕಂಡು ಕೂತ್ರೆ ಅಸು ನೀನೇ ಅಂದ್ಕಂತದೆ" ಎಂದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಉಪಾಯ. ಹಸು ಮುಖ ನೋಡುವುದಿಲ್ಲ, ವಾಸನೆ ನೋಡುತ್ತದೆ. ಬಾಣಂತನಕ್ಕೆ ಹೋಗುವವರು, ಆಸ್ಪತ್ರೆ ಸೇರುವವರು ಎಲ್ಲರೂ ಮಾಸಿದ ಸೀರೆಯನ್ನು ಬಿಟ್ಟು ಹೋಗುತ್ತಿದ್ದರು. ನನಗೂ ಗೊತ್ತಿತ್ತು, ಆದರೆ ಇಷ್ಟು ವರ್ಷ ನಾನೂ ಆ ಮಾತು ಎತ್ತಿರಲಿಲ್ಲ, ಅತ್ತೆಯೂ ಎತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು. ನಾನು ಆ ಸೀರೆಯನ್ನು ಬಾವಿಯ ಹತ್ತಿರ ತೆಗೆದುಕೊಂಡು ಹೋಗಿ, ಎರಡು ಸಲ ಸೋಪು ಹಾಕಿ, ಕಲ್ಲಿಗೆ ಬಡಿದು ಒಗೆದೆ. ಮೇ ಬಿಸಿಲು, ಗಳಿಗೆಯಲ್ಲಿ ಒಣಗಿತು. ಒಗೆದದ್ದು ಗೊತ್ತಾಗಬಾರದೆಂದು ಕೈಯಲ್ಲಿ ಮುದುಡಿ, ಸೆರಗಿಗೆ ಎರಡು ಹಿಡಿ ಬೂಸಾ ಉದುರಿಸಿ ಗೂಟಕ್ಕೆ ನೇತುಹಾಕಿದೆ. ನಾನು ಮಾಡುತ್ತಿದ್ದುದು ಏನೆಂದು ನನಗೆ ಪೂರ್ತಿ ಗೊತ್ತಿತ್ತು. ನನಗೆ ಸಮುದ್ರವೂ ಬೇಕಿತ್ತು, ಹಸುವೂ ನನ್ನದೇ ಆಗಿರಬೇಕಿತ್ತು.

ರೈಲಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ನಾನು. ವಾರಗಿತ್ತಿಯ ತಂದೆತಾಯಿಯನ್ನು ನಾನು ಹಾಗೆಯೇ ಕರೆಯುತ್ತಿದ್ದೆ. ಚಿಕ್ಕಮ್ಮ ಆಂಡರ್ಸನ್‌ಪೇಟೆಯ ಅಂಗಡಿಯಿಂದ ನನಗೆಂದು ರಬ್ಬರ್ ಚಪ್ಪಲಿ ತಂದಿದ್ದರು, ಮರಳಿಗೆ ಅದೇ ಸರಿ ಎಂದು. ಹಾಕಿ ನೋಡಿದರೆ ಸ್ವಲ್ಪ ಬಿಗಿ. ಅಳತೆ ಮಗಳದ್ದು. ಅವರು ಒಂದೂರಿನಿಂದ ಇನ್ನೊಂದೂರಿಗೆ ಕನ್ನಡ, ತೆಲುಗು, ತಮಿಳು ಬದಲಿಸುತ್ತ ಎದುರು ಕೂತವರ ಜೊತೆಗೆಲ್ಲ ಮಾತಾಡಿದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಮರೀನಾ ನೋಡಿದಾಗ ನನಗೆ ಏನನ್ನಿಸಿತು ಎಂದು ಕೇಳಿದರೆ ನಗಬಾರದು. ಇದನ್ನು ನಾನು ನೋಡಿದ್ದೇನೆ ಅನ್ನಿಸಿತು. ಪೊಟ್ಟಣದಲ್ಲಿ ಸುಂಡಲ್ ಇತ್ತು, ಮೇಲೆ ಮಾವಿನಕಾಯಿ ಚೂರು ಇತ್ತು. ಬಲೂನುಗಳು ಸಾಲಾಗಿ ಇದ್ದವು. ಪಾರ್ಕಿನ ಉಯ್ಯಾಲೆಯಲ್ಲಿ ನನ್ನ ಅತ್ತೆಯ ವಯಸ್ಸಿನ ಹೆಂಗಸೊಬ್ಬರು ಕಾಲು ಚಾಚಿ ಜೀಕುತ್ತಿದ್ದರು. ನೀರಿನಲ್ಲಿ ಇಳಿದು ನಿಂತೆ. ತೆರೆ ಬಂದು ವಾಪಸ್ಸು ಹೋಯಿತು, ಕಾಲ ಕೆಳಗಿನ ಮರಳು ಎಳೆದುಕೊಂಡು ಹೋಯಿತು, ಯಾರೋ ಹಿಂದಿನಿಂದ ಎಳೆದ ಹಾಗೆಯೇ ಆಯಿತು. ಎಲ್ಲವೂ ಅವಳು ಹೇಳಿದ ಹಾಗೆಯೇ ಇತ್ತು, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಇಷ್ಟು ದೊಡ್ಡ ಸಮುದ್ರದಲ್ಲಿ ನನಗೆಂದು ಅವಳು ಒಂದು ಹೊಸದನ್ನೂ ಉಳಿಸಿರಲಿಲ್ಲ. ಅವಳ ಎಂಜಲು ಉಣ್ಣುತ್ತಿದ್ದೇನೆ ಅನ್ನಿಸಿ ಕಣ್ಣು ತುಂಬಿತು. ಮೊದಲ ಸಲ ನೋಡಿದವರಿಗೆ ಹಾಗೇ ಆಗುತ್ತದೆ ಎಂದು ಚಿಕ್ಕಮ್ಮ ಬೆನ್ನು ಸವರಿದರು.

ಮಾರನೆಯ ದಿನ ಸಂಜೆ ದೋಣಿ ಕಟ್ಟೆಗೆ ಹೋದೆವು. ಸಿಮೆಂಟಿನ ಇಳಿಜಾರು ನೇರವಾಗಿ ನೀರಿನೊಳಗೆ ಇಳಿದಿತ್ತು, ತುದಿಯಲ್ಲಿ ಹಸಿರು ಪಾಚಿ. ಬಣ್ಣ ಬಳಿದ ದೋಣಿಗಳು ಹಗ್ಗದಲ್ಲಿ ಕಟ್ಟಿಸಿಕೊಂಡು ಒಂದಕ್ಕೊಂದು ತಾಗುತ್ತ ನಿಂತಿದ್ದವು. ಕೊಟ್ಟಿಗೆಯಲ್ಲಿ ದನ ನಿಂತ ಹಾಗೆ ಎಂದುಕೊಂಡೆ. ನನ್ನ ತಲೆಗೆ ಅದನ್ನು ಬಿಟ್ಟು ಬೇರೆ ಏನು ಹೊಳೆದೀತು. ಕಿತ್ತಳೆ ಅಂಗಿ ಕಟ್ಟಿದರು, ಯಾರದೋ ಬೆವರಿನ ವಾಸನೆ. ನೆರಿಗೆ ಹಿಡಿದುಕೊಂಡು ಒಂದು ಕಾಲು ದೋಣಿಯಲ್ಲಿ ಇಟ್ಟೆ. ದೋಣಿ ಅತ್ತ ಸರಿಯಿತು, ಇನ್ನೊಂದು ಕಾಲು ಕಟ್ಟೆಯಲ್ಲೇ ಉಳಿಯಿತು. ಚಿಕ್ಕಪ್ಪ ರಟ್ಟೆ ಹಿಡಿದು ಎಳೆದುಕೊಳ್ಳದಿದ್ದರೆ ಅಂಗಿಯ ಸಮೇತ ನೀರಿನಲ್ಲಿ ಇರುತ್ತಿದ್ದೆ.

ದೋಣಿಯವನು ಬಿದಿರು ಗಳು ಊರಿ ತಳ್ಳಿದ. ದಂಡೆ ದೂರವಾಯಿತು. ಎಷ್ಟು ವರ್ಷ ಕನಸು ಕಂಡಿದ್ದೆನೋ ಅದೇ ದೋಣಿ, ಅದೇ ನೀರು. ಆಗ ನನ್ನ ಬೆರಳುಗಳು ಜುಮುಜುಮು ಎನ್ನತೊಡಗಿದವು. ಗಡಿಯಾರ ನೋಡುವುದೇ ಬೇಡ, ಅದು ಹಾಲು ಕರೆಯುವ ಹೊತ್ತು. ಈಗ ಅವಳು ಒಗೆದ ಸೀರೆ ಉಟ್ಟುಕೊಂಡು ಕೂತಿರುತ್ತಾಳೆ. ಒದ್ದಿರುತ್ತದೆಯೇ? ಒದ್ದಿರಲಿ ಎಂದುಕೊಂಡೆ. ಮರುಗಳಿಗೆಗೆ, ಕೆಚ್ಚಲು ಬಾತುಕೊಂಡರೆ ಎಂದು ಹೆದರಿಕೆ. ಅದಕ್ಕಿಂತ ಕೆಟ್ಟ ಯೋಚನೆ ಆಮೇಲೆ ಬಂತು: ಒದೆಯದೆ ಹಾಲು ಕೊಟ್ಟುಬಿಟ್ಟರೆ? ನೀರು, ಆಕಾಶ, ಹಕ್ಕಿ ಎಲ್ಲ ಇದ್ದವು. ನಾನು ಯಾವುದನ್ನೂ ನೋಡಲಿಲ್ಲ.

"ಚೆನ್ನಾಗಿ ನೋಡ್ಕೊಮ್ಮಾ" ಎಂದರು ಚಿಕ್ಕಪ್ಪ, ನಾನು ತಲೆ ತಗ್ಗಿಸಿ ಕೂತದ್ದನ್ನು ನೋಡಿ. "ನಾನು ನಿನ್ನ ಮತ್ತೆ ಕರ್ಕಂಡು ಬರಾಕಾಗಲ್ಲ. ಇದೇ ಕೊನೆ ಸಲ. ಮುಂದಿನ ತಿಂಗ್ಳು ರಿಟೈರ್ ಆಗ್ತೀನಿ. ಲೈನಿನ ಮನೆ ಬಿಟ್ಟು ಕುಪ್ಪಂ ಕಡೆ ನಮ್ಮಣ್ಣನ ಊರಿಗೆ ಓಗ್ತೀವಿ. ಆಮೇಲೆ ರಜೆನೂ ಇಲ್ಲ, ಸಮುದ್ರಾನೂ ಇಲ್ಲ."

"ಅವ್ಳಿಗೆ ಗೊತ್ತಾ?" ಎಂದೆ.

"ಗೊತ್ತು. ಮೊದ್ಲು ಏಳಿದ್ದೇ ಅವ್ಳಿಗೆ. ಅದಕ್ಕೇ ಅಕ್ಕನ್ನ ಕರ್ಕಂಡೋಗು ಅಂದ್ಲು."

ಕರಗಿಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದರಲ್ಲೂ ಅವಳೇ ಗೆದ್ದಳಲ್ಲ ಎಂಬ ಉರಿ ಇತ್ತು. ಬೂಸಾ ಉದುರಿಸಿದ ಸೆರಗು ಕಣ್ಣ ಮುಂದೆ ಬಂದು, ಆ ಉರಿಯನ್ನು ಅನುಭವಿಸಲೂ ಆಗದೆ ಹೋಯಿತು.

ಬಂಗಾರಪೇಟೆ ಸ್ಟೇಷನ್ನಿನಿಂದ ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಅತ್ತೆ ಬಾಗಿಲಲ್ಲೇ ಶುರು ಮಾಡಿದರು. "ನಿನ್ನ ಅಸು ಇವ್ಳಿಗೂ ಕೊಡ್ತದೆ ಕಣಮ್ಮಣ್ಣಿ! ಮೊದ್ಲು ದಿನದಿಂದ ಒಂದೊತ್ತೂ ತಪ್ಪಿಲ್ಲ. ನೋಡ್ದಾ, ಸುಮ್ನೆ ಇಷ್ಟು ವರ್ಷ ನೀನು ಮನೇಲೇ ಕೂತಿದ್ದೆ."

ಒಗೆದ ಸೀರೆಗೂ ಹಾಲು ಕೊಟ್ಟಿತು ಎಂದರೆ ನಾನೇ ಬೇಕಾಗಿಲ್ಲ ಎಂದಾಯಿತು. ಕೈಕಾಲು ತೊಳೆಯದೆ ನೇರವಾಗಿ ಕೊಟ್ಟಿಗೆಗೆ ಹೋದೆ. ವಾರಗಿತ್ತಿ ಸೆಗಣಿ ಬಾಚುತ್ತಿದ್ದಳು. ಸೀರೆಯನ್ನು ಮೇಲೆತ್ತಿ ಕಟ್ಟಿದ್ದಳು. ಮೊಣಕಾಲ ಕೆಳಗೆ ಅಂಗೈಯಷ್ಟು ಅಗಲ ಹೆಪ್ಪುಗಟ್ಟಿ ನೀಲಿಯಾಗಿತ್ತು.

"ಅದೇನೇ?" ಎಂದೆ.

"ಮೆಟ್ಲಲ್ಲಿ ಜಾರ್ದೆ ಅಂತ ಅತ್ತೆಗೆ ಏಳಿದ್ದೀನಿ" ಎಂದಳು. ಪೊರಕೆ ಕೆಳಗಿಟ್ಟಳು. ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. "ಸೀರೆ ಸೋಪಿನ ವಾಸ್ನೆ ಒಡೀತಿತ್ತಕ್ಕಾ. ಉಟ್ಕಂಡಾಗ್ಲೇ ಗೊತ್ತಾಯ್ತು. ಆದ್ರೂ ಕೂತೆ, ಒದೀತು. ಆಮೇಲೆ ನಿನ್ನ ದಿಂಬಿನ ಚೀಲ ಬಿಚ್ಕಂಡು ಎಗಲ ಮೇಲೆ ಆಕ್ಕಂಡೆ. ನಿನ್ನ ತಲೆ ಎಣ್ಣೆ ವಾಸ್ನೆ. ಮೂಸಿ ನೋಡಿ ಸೊರ ಬಿಡ್ತು, ಆಲು ಇಳೀತು. ನಾಲ್ಕು ದಿನಾನೂ ಅಂಗೇ ಕರ್ದೆ. ಅದು ನಂಗೆ ಕೊಡ್ಲಿಲ್ಲ, ನಿಂಗೇ ಕೊಟ್ಟಿದ್ದು."

ಹಸು ಇನ್ನೂ ನನ್ನದೇ! ಮೊದಲು ಬಂದದ್ದು ಆ ಸಂತೋಷ. ಎಂಥವಳು ನಾನು ಎಂದು ಅವತ್ತು ಕಂಡುಕೊಂಡೆ. ಆಮೇಲೆ ಬಂದ ನಾಚಿಕೆಯಲ್ಲಿ ಗೊಂತಿನ ಹಗ್ಗವನ್ನು ಸುಮ್ಮನೆ ಬಿಚ್ಚುತ್ತ ಕಟ್ಟುತ್ತ ನಿಂತೆ. ಯಾಕೆ ಒಗೆದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

"ಅದಿರ್ಲಿ, ಸಮುದ್ರ ಎಂಗಿತ್ತಕ್ಕಾ? ಏಳು" ಎಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು.

ಹೇಳಲು ನನ್ನದೆಂಬುದು ಏನಿತ್ತು? ಉಯ್ಯಾಲೆ ಎಂದೆ, ಸುಂಡಲ್ ಎಂದೆ, ಮರಳು ಎಳೆದುಕೊಂಡು ಹೋಗುತ್ತದೆ ಎಂದೆ. ಅವಳ ಮಾತನ್ನೇ ಅವಳಿಗೆ ತಿರುಗಿ ಹೇಳಿದೆ. ಅವಳು ಬಾಯಿ ತೆರೆದು ಕೇಳಿದಳು. ದೋಣಿ ಹತ್ತುವಾಗ ಒಂದು ಕಾಲು ಕಟ್ಟೆಯಲ್ಲೇ ಉಳಿದದ್ದು, ಅವಳ ತಂದೆ ರಟ್ಟೆ ಹಿಡಿದು ಎಳೆದುಕೊಂಡದ್ದು ಹೇಳಿದಾಗ ಮಾತ್ರ ಅವಳ ಮುಖ ಬದಲಾಯಿತು. ತುಟಿ ಬಿಗಿಯಿತು, ಕಣ್ಣು ನನ್ನನ್ನು ಬಿಟ್ಟು ಗೋಡೆಯ ಕಡೆ ಹೋಯಿತು. ಆ ಮುಖದ ಗುರುತು ನನಗೆ ಹತ್ತದೆ ಇರುತ್ತದೆಯೇ, ಎಂಟು ವರ್ಷ ಅದೇ ಮುಖ ಹೊತ್ತು ತಿರುಗಿದವಳು ನಾನು. ಒಂದೇ ಒಂದು ಸಲ ಅವಳ ಮೇಲೆ ಅದನ್ನು ನೋಡಬೇಕೆಂದು ಎಷ್ಟು ಬಯಸಿದ್ದೆ. ಈಗ ನೋಡಲಾಗಲಿಲ್ಲ. ಮಾತು ಅಲ್ಲಿಗೇ ನಿಲ್ಲಿಸಿದೆ.

ಅಷ್ಟರಲ್ಲಿ ಕರೆಯುವ ಹೊತ್ತಾಗಿತ್ತು. ಅವಳು ಎದ್ದು ನನಗೆ ಜಾಗ ಬಿಟ್ಟಳು. "ನೀನೇ ಕೂತ್ಕೋ" ಎಂದೆ. ದಿಂಬಿನ ಚೀಲ ತರಲು ಹೊರಟವಳನ್ನು ತಡೆದೆ, "ಬ್ಯಾಡ, ಅಂಗೇ ಕೂತ್ಕೋ" ಎಂದೆ. ಅವಳು ಹೆದರುತ್ತ ಕೂತಳು. ನಾನು ಮುಂದೆ ಹೋಗಿ ಹಸುವಿನ ಮುಖವನ್ನು ಎದೆಗೆ ಒತ್ತಿಕೊಂಡು ನಿಂತೆ. ಬಹಳ ಹೊತ್ತು ಅದು ಹಾಲು ಇಳಿಸಲಿಲ್ಲ. ಕಾಲು ಎತ್ತಿತು, ಇಳಿಸಿತು, ನನ್ನ ಕಡೆ ನೋಡಿತು. ನಾನು ಅದರ ಗಂಗೆದೊಗಲು ನೀವುತ್ತಲೇ ಇದ್ದೆ. ಕೊನೆಗೆ ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿತು, ಮೊದಲು ಒಂದು ಎಳೆ, ಆಮೇಲೆ ಬಿಡದೆ. ನನಗೆ ಅಳು ಬಂತು. ಸಂತೋಷಕ್ಕಲ್ಲ, ಹೊಟ್ಟೆಕಿಚ್ಚಿಗೇ. ಆದರೆ ಅವಳು ಕರೆದು ಮುಗಿಸಿ ಏಳುವವರೆಗೂ ಹಸುವನ್ನು ಬಿಡದೆ ಹಿಡಿದುಕೊಂಡಿದ್ದೆ.